ಪೋರ್ಟರೂ ಪೋರ್ಟ್ರೇಟೂ ನೆಂಟರಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಧಾರವಾಡ ಕಡೆಯವಳು, ಮದುವೆಯಾಗಿ ಡೊಂಬಿವಲಿಗೆ ಬಂದವಳು. ಓದಿದ್ದೆಲ್ಲ ಕನ್ನಡ ಮೀಡಿಯಂ. ಮಗ ಇಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಆರನೇ ಕ್ಲಾಸು. ‘ಪಿ-ಓ-ಆರ್-ಟಿ ಅಂದರೆ ಹೊರು. ಈ ನಾಲ್ಕು ಅಕ್ಷರ ಸಾಲಾಗಿ ಬರುವ, ಹೊರು ಅನ್ನುವ ಅರ್ಥವಿರುವ ಹತ್ತು ಪದ ಬರೆಯಿರಿ’ ಅಂತ ಹೋಮ್‌ವರ್ಕ್ ಕೊಟ್ಟಿದ್ದರು. ಇವನು ಪೋರ್ಟರ್, ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್, ಸಪೋರ್ಟ್, ಸ್ಪೋರ್ಟ್, ಏರ್‌ಪೋರ್ಟ್, ಪಾಸ್‌ಪೋರ್ಟ್, ಪೋರ್ಷನ್, ಪೋರ್ಟ್ರೇಟ್ ಅಂತ ಬರೆದ. ಟೀಚರ್ ಸ್ಪೋರ್ಟಿಗೂ ಪೋರ್ಟ್ರೇಟಿಗೂ ಕೆಂಪು ಗೀಟು ಹಾಕಿ, ಉಳಿದ ಎಂಟಕ್ಕೆ ರೈಟ್ ಹಾಕಿದ್ದಾರೆ. ‘ಅಕ್ಷರ ಅದೇ ಇದೆಯಲ್ಲ, ಯಾಕೆ ತಪ್ಪು?’ ಅಂತ ಅವನು ಕೇಳ್ತಾನೆ. ನನಗೆ ಹೇಳೋಕೆ ಬರಲಿಲ್ಲ. ಅಕ್ಷರ ಒಂದೇ ಇದ್ದರೆ ಅರ್ಥವೂ ಒಂದೇನಾ? ಮನೆಯಲ್ಲೇ ಪರೀಕ್ಷೆ ಮಾಡುವ ದಾರಿ ಇದೆಯಾ? ನನ್ನ ಕನ್ನಡ ಇದಕ್ಕೆ ಏನಾದರೂ ಉಪಯೋಗಕ್ಕೆ ಬರುತ್ತದಾ? ಶಾಲೆಗೆ ಹೋಗಿ ಕೇಳಬೇಕಾ?

ಉತ್ತರ: ಮೊದಲು ತೀರ್ಪು, ಆಮೇಲೆ ಕಾರಣ. ಪೋರ್ಟ್ರೇಟಿಗೆ ಗೀಟು ಹಾಕಿದ್ದು ಸರಿ. ಸ್ಪೋರ್ಟಿಗೆ ಹಾಕಿದ್ದು ತಪ್ಪು. ಪೋರ್ಷನ್‌ಗೆ ರೈಟ್ ಹಾಕಿದ್ದೂ ತಪ್ಪು. ಏರ್‌ಪೋರ್ಟ್, ಪಾಸ್‌ಪೋರ್ಟ್ ಎರಡೂ ‘ಹೊರು’ ಮನೆಯವಲ್ಲ. ಅಂದರೆ ನಿಮ್ಮ ಮಗನಿಗೆ ಸಿಗಬೇಕಾದದ್ದು ಹತ್ತಕ್ಕೆ ಆರು. ಸಿಕ್ಕಿರುವುದು ಎಂಟು. ಶಾಲೆಗೆ ಹೋಗಿ ಕೇಳಿದರೆ ಎರಡು ಮಾರ್ಕ್ಸ್ ಹೋಗುತ್ತದೆ. ಸುಮ್ನಿರೋದೇ ಲಾಭ.

ಆದರೆ ಹುಡುಗ ಕೇಳಿದ ಪ್ರಶ್ನೆ ತುಂಬಾ ಒಳ್ಳೆಯದು. ಅದಕ್ಕೆ ಚಿಕ್ಕ ಉತ್ತರ ಕೊಟ್ಟು ಮುಗಿಸೋಕೆ ಮನಸ್ಸಿಲ್ಲ.

ಮುಂಬೈಯಲ್ಲಿ ಶೆಟ್ಟಿ ಅನ್ನುವ ಅಡ್ಡಹೆಸರಿನವರು ಎಷ್ಟು ಜನ ಇದ್ದಾರೆ! ಎಲ್ಲರೂ ಒಂದೇ ಮನೆಯವರಲ್ಲ. ಕೆಲವರು ನಿಜವಾಗಿ ಅಣ್ಣತಮ್ಮಂದಿರು, ಕೆಲವರು ದೂರದ ನೆಂಟರು, ಇನ್ನು ಎಷ್ಟೋ ಜನರಿಗೆ ಹೆಸರು ಬಿಟ್ಟರೆ ಬೇರೆ ಸಂಬಂಧವೇ ಇಲ್ಲ. ‘ಪೋರ್ಟ್’ ಪದಗಳ ಕಥೆಯೂ ಹಾಗೇ. ಲ್ಯಾಟಿನ್‌ನಲ್ಲಿ ಬೇರೆ ಬೇರೆಯಾಗಿದ್ದ ಮೂರು ನಾಲ್ಕು ಮಾತುಗಳು ಇಂಗ್ಲಿಷಿಗೆ ಬರುವ ಹೊತ್ತಿಗೆ ಒಂದೇ ಸ್ಪೆಲ್ಲಿಂಗ್ ಹಾಕಿಕೊಂಡವು.

ಒಂದು, ‘ಪೋರ್ತಾರೆ’. ಹೊರು, ಹೊತ್ತು ಒಯ್ಯಿ ಅಂತ ಅರ್ಥ. ಟೀಚರ್ ಹೇಳಿಕೊಟ್ಟದ್ದು ಇದನ್ನೇ. ದಾದರ್ ಸ್ಟೇಷನ್ನಿನಲ್ಲಿ ಸೂಟ್‌ಕೇಸ್ ಹೊರುವವನು ಪೋರ್ಟರ್. ಒಳಗೆ ಹೊತ್ತು ತಂದರೆ ಇಂಪೋರ್ಟ್, ಹೊರಗೆ ಒಯ್ದರೆ ಎಕ್ಸ್‌ಪೋರ್ಟ್. ಅಂಧೇರಿಯಲ್ಲಿ 1973ರಲ್ಲಿ ಶುರುವಾದ ಸೀಪ್ಜ್ ಅನ್ನುವ ರಫ್ತು ವಲಯ ಇದೆಯಲ್ಲ, ಆ ಹೆಸರಿನ ನಡುವಿನ ‘ಇ’ ಈ ಎಕ್ಸ್‌ಪೋರ್ಟಿನದೇ. ಆಚೆಯಿಂದ ಈಚೆಗೆ ಹೊತ್ತು ದಾಟಿಸಿದರೆ ಟ್ರಾನ್ಸ್‌ಪೋರ್ಟ್. ಕೆಳಗೆ ನಿಂತು ಭಾರ ಹೊತ್ತರೆ ಸಪೋರ್ಟ್. ಅದರ ಮೊದಲಿನ ‘ಸಪ್’ ಅಂದರೆ ‘ಸಬ್’, ಕೆಳಗೆ. ಸುದ್ದಿಯನ್ನು ಹೊತ್ತು ವಾಪಸ್ ತಂದರೆ ರಿಪೋರ್ಟ್. ಷೇರು ಮಾರ್ಕೆಟ್ಟಿನವರ ಬಾಯಲ್ಲಿ ದಿನಾ ಕುಣಿಯುವ ಪೋರ್ಟ್‌ಫೋಲಿಯೊ ಇಟಲಿಯಿಂದ ಬಂದದ್ದು. ಹಾಳೆಗಳನ್ನು ಇಟ್ಟು ಒಯ್ಯುವ ಚೀಲ ಅಂತ ಅದರ ಮೂಲ ಅರ್ಥ.

ಸ್ಪೋರ್ಟ್ ಇಲ್ಲಿಗೇ ಸೇರುತ್ತದೆ. ಅದು ಮೊದಲು ‘ಡಿಸ್‌ಪೋರ್ಟ್’ ಆಗಿತ್ತು. ಹಳೆಯ ಫ್ರೆಂಚಿನಿಂದ ಬಂದ ಮಾತು. ಕೆಲಸದ ಚಿಂತೆಯಿಂದ ಮನಸ್ಸನ್ನು ಆಚೆಗೆ ಒಯ್ಯುವುದು, ಅಂದರೆ ಮೋಜು, ವಿನೋದ. ಮುಂದಿನ ‘ಡಿ’ ಉದುರಿತು, ‘ಸ್’ ಒಂದು ಪೋರ್ಟಿಗೆ ಅಂಟಿಕೊಂಡು ಉಳಿಯಿತು. ಆಟ ಅನ್ನುವ ಅರ್ಥ ಆಮೇಲೆ ಗಟ್ಟಿಯಾಯಿತು. ಟೀಚರಿಗೆ ಅದರಲ್ಲಿ ಹೊರುವುದು ಕಾಣಲಿಲ್ಲ ಅಂದರೆ ಅವರ ತಪ್ಪೇನಿಲ್ಲ, ಮೇಲಿನಿಂದ ನೋಡಿದರೆ ಯಾರಿಗೂ ಕಾಣುವುದಿಲ್ಲ.

ಎರಡು, ‘ಪೋರ್ತುಸ್’. ಬಂದರು. ಏರ್‌ಪೋರ್ಟ್ ಅಂದರೆ ವಿಮಾನಗಳ ಬಂದರು. ಪಾಸ್‌ಪೋರ್ಟ್ ಅಂದರೆ ಬಂದರು ದಾಟಲು ಕೊಡುವ ಅಪ್ಪಣೆ. ಅಪರ್ಚುನಿಟಿ ಅನ್ನುವ ಪದವನ್ನು ನಿಮ್ಮ ಮಗ ಪಟ್ಟಿಗೆ ಸೇರಿಸಲಿಲ್ಲ, ಆದರೆ ಸ್ಪೆಲ್ಲಿಂಗ್ ಬರೆದು ನೋಡಿದರೆ ಅದೇ ನಾಲ್ಕು ಅಕ್ಷರ ಅದರ ಹೊಟ್ಟೆಯಲ್ಲಿವೆ. ಹಾಯಿ ಹಡಗಿನ ಕಾಲದ ಮಾತು ಅದು. ಗಾಳಿ ಬಂದರಿನ ಕಡೆಗೇ ಬೀಸುತ್ತಿದ್ದರೆ ನಾವಿಕನಿಗೆ ಅದೇ ಸರಿಯಾದ ಸಮಯ, ಅದೇ ಅವಕಾಶ. ಹಡಗಿನಲ್ಲಿ ಎಡಗಡೆಗೂ ಪೋರ್ಟ್ ಅನ್ನುತ್ತಾರೆ. ಮೊದಲು ಎಡಕ್ಕೆ ‘ಲಾರ್ಬೋರ್ಡ್’, ಬಲಕ್ಕೆ ‘ಸ್ಟಾರ್ಬೋರ್ಡ್’ ಅನ್ನುತ್ತಿದ್ದರು. ಬಿರುಗಾಳಿಯಲ್ಲಿ ಕೂಗಿದರೆ ಎರಡೂ ಒಂದೇ ಥರ ಕೇಳಿಸಿ ಗೊಂದಲ ಆಗುತ್ತಿತ್ತು. 1844ರಲ್ಲಿ ಬ್ರಿಟಿಷ್ ನೌಕಾಪಡೆ ಎಡಕ್ಕೆ ಪೋರ್ಟ್ ಅಂತಲೇ ಹೇಳಬೇಕು ಅಂತ ಆಜ್ಞೆ ಹೊರಡಿಸಿತು. ಬಂದರಿನಲ್ಲಿ ಹಡಗು ನಿಲ್ಲುವಾಗ ದಡಕ್ಕೆ ತಾಗುತ್ತಿದ್ದದ್ದು ಆ ಮಗ್ಗುಲು, ಅದಕ್ಕೇ ಆ ಹೆಸರು.

ಇನ್ನು ನಮ್ಮ ಪಕ್ಕದ ಗೋವಾ. 1510ರಿಂದ 1961ರವರೆಗೆ ಅದನ್ನು ಆಳಿದ ಪೋರ್ಚುಗೀಸರ ದೇಶದ ಹೆಸರಿನಲ್ಲೂ ಇದೇ ಬಂದರು ಇದೆ. ದೋರು ನದಿ ಸಮುದ್ರ ಸೇರುವ ಕಡೆ ‘ಪೋರ್ತುಸ್ ಕಾಲೆ’ ಅನ್ನುವ ಬಂದರು ಇತ್ತು. ಅದರಿಂದ ಪೋರ್ಚುಗಲ್. ಅಲ್ಲಿನ ಊರು ಈಗ ಪೋರ್ತೊ, ಅಂದರೆ ಬರೀ ‘ಬಂದರು’. ಗೋವಾದ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುವ ಸಿಹಿ ಪೋರ್ಟ್ ವೈನಿಗೆ ಆ ಹೆಸರು ಬಂದದ್ದು ಇದೇ ಊರಿನಿಂದ. ಹೀಗಾಗಿ ಮಾರ್ಮಗೋವಾ ಪೋರ್ಟೂ ಪೋರ್ಟ್ ವೈನೂ ನಿಜವಾದ ನೆಂಟರು, ಆದರೆ ವಾಸ್ಕೋ ಸ್ಟೇಷನ್ನಿನ ಪೋರ್ಟರ್ ಅವರ ಮನೆಯವನಲ್ಲ.

ಮೂರು, ‘ಪೋರ್ತಾ’. ಬಾಗಿಲು. ಪೋರ್ಟಲ್, ಪೋರ್ಟಿಕೊ ಇದರವು. ಇಂಗ್ಲೆಂಡಿನ ಕಾಲೇಜುಗಳಲ್ಲಿ ಬಾಗಿಲು ಕಾಯುವವನಿಗೂ ಪೋರ್ಟರ್ ಅನ್ನುತ್ತಾರೆ. ಅವನು ಈ ಬಾಗಿಲಿನ ಪೋರ್ಟರ್. ನಮ್ಮ ಸ್ಟೇಷನ್ನಿನವನು ಆ ಹೊರೆಯ ಪೋರ್ಟರ್. ಸ್ಪೆಲ್ಲಿಂಗ್ ಒಂದೇ, ಉಚ್ಚಾರ ಒಂದೇ, ಪದ ಎರಡು.

ಪೋರ್ಷನ್ ನಾಲ್ಕನೆಯದು. ‘ಪೋರ್ತಿಯೊ’ ಅಂದರೆ ಪಾಲು. ಇಂಗ್ಲಿಷಿನ ಪಾರ್ಟ್ ಅದರ ನೆಂಟ. ‘ಯೂನಿಟ್ ಟೆಸ್ಟಿನ ಪೋರ್ಷನ್ ಮುಗಿಯಿತಾ?’ ಅಂತ ಮುಂಬೈ ಮಕ್ಕಳು ಕೇಳುವಾಗ ಅದು ಪಾಠಗಳ ಪಾಲು. ಹೊರೆ ಅನ್ನಿಸಿದರೂ ಹೊರೆ ಅಲ್ಲ.

ಈಗ ಪೋರ್ಟ್ರೇಟ್. ಇದರಲ್ಲಿ ಪೋರ್ಟ್ ಅನ್ನುವುದೇ ಇಲ್ಲ! ಅಕ್ಷರ ಸಾಲಾಗಿ ಕೂತಿವೆ ನಿಜ. ಆದರೆ ಪದ ಒಡೆಯುವುದು ‘ಪೋರ್ಟ್’ ಆದ ಮೇಲೆ ಅಲ್ಲ, ‘ಪೋರ್’ ಆದ ಮೇಲೆ. ‘ಪೋರ್’ ಅಂದರೆ ಮುಂದಕ್ಕೆ, ‘ಟ್ರೇಟ್’ ಬಂದದ್ದು ‘ತ್ರಾಹೆರೆ’ ಅನ್ನುವ ಲ್ಯಾಟಿನ್ ಕ್ರಿಯಾಪದದಿಂದ, ಅಂದರೆ ಎಳೆ. ಒಬ್ಬರ ಮುಖವನ್ನು ಗೆರೆ ಎಳೆದು ಮುಂದೆ ತರುವುದು. ಚಿತ್ರಕ್ಕೂ ಎಳೆಯುವುದಕ್ಕೂ ಎಲ್ಲಿಂದೆಲ್ಲಿ ಅಂತ ಅನ್ನಿಸಬಹುದು. ನಾವೂ ಗೆರೆ ಎಳೆಯುತ್ತೇವೆ, ಹಗ್ಗವನ್ನೂ ಎಳೆಯುತ್ತೇವೆ, ಅಲ್ವಾ? ಇಂಗ್ಲಿಷಿನ ‘ಡ್ರಾ’ಗೂ ಎರಡೂ ಅರ್ಥ ಇದೆ. ಇದೇ ‘ಎಳೆ’ಯಿಂದ ಟ್ರ್ಯಾಕ್ಟರ್ ಬಂತು, ಅಟ್ರ್ಯಾಕ್ಟ್ ಬಂತು, ಕಾಂಟ್ರ್ಯಾಕ್ಟ್ ಬಂತು. ಟ್ರೇನ್ ಕೂಡ ಅದೇ, ಒಂದರ ಹಿಂದೆ ಒಂದನ್ನು ಎಳೆದುಕೊಂಡು ಹೋಗುವುದು. ಪೋರ್ಟ್ರೇಟಿನ ನಿಜವಾದ ನೆಂಟ ಪ್ಲಾಟ್‌ಫಾರ್ಮಿನ ಪೋರ್ಟರ್ ಅಲ್ಲ, ಡೊಂಬಿವಲಿ ಲೋಕಲ್.

ಹಾಗಾದರೆ ಪರೀಕ್ಷೆ ಹೇಗೆ? ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇದು ಚೆನ್ನಾಗಿ ಗೊತ್ತು. ‘ಈ ಕೆಳಗಿನ ಪದಗಳನ್ನು ಬಿಡಿಸಿ ಬರೆಯಿರಿ’ ಅಂತ ಪ್ರತಿ ವ್ಯಾಕರಣ ಪರೀಕ್ಷೆಯಲ್ಲೂ ಒಂದು ಪ್ರಶ್ನೆ ಇರುತ್ತಿತ್ತಲ್ಲ, ಅದೇ. ಅಕ್ಷರ ಎಣಿಸಬೇಡಿ, ಪದ ಎಲ್ಲಿ ಒಡೆಯುತ್ತದೆ ನೋಡಿ. ಆಮೇಲೆ ಉಳಿದ ತುಂಡಿಗೆ ಬೇರೆ ಕಡೆ ಕೆಲಸ ಇದೆಯಾ ಅಂತ ನೋಡಿ. ಎಕ್ಸ್‌ಪೋರ್ಟಿನಿಂದ ಪೋರ್ಟ್ ತೆಗೆದರೆ ‘ಎಕ್ಸ್’ ಉಳಿಯಿತು. ಎಕ್ಸಿಟ್, ಎಕ್ಸ್‌ಟ್ರ್ಯಾಕ್ಟ್ ಪದಗಳಲ್ಲೂ ಅದು ‘ಹೊರಗೆ’ ಅಂತಲೇ ದುಡಿಯುತ್ತದೆ. ಗಟ್ಟಿ. ಪೋರ್ಟ್ರೇಟಿನಿಂದ ಪೋರ್ಟ್ ತೆಗೆದರೆ ‘ರೇಟ್’ ಉಳಿಯಿತು, ಅದೂ ಸ್ಪೆಲ್ಲಿಂಗ್ ನೋಡಿದರೆ ಆರ್-ಎ-ಐ-ಟಿ. ಅಂಥ ತುಂಡು ಇಂಗ್ಲಿಷಿನಲ್ಲಿ ಬೇರೆಲ್ಲೂ ದುಡಿಯುವುದಿಲ್ಲ. ಅನುಮಾನ ಪಡಿ. ಆದರೆ ಈ ಪರೀಕ್ಷೆ ಏರ್‌ಪೋರ್ಟನ್ನು ಹಿಡಿಯುವುದಿಲ್ಲ. ಏರ್ ಸರಿ, ಪೋರ್ಟ್ ಸರಿ, ಒಡೆದದ್ದೂ ಸರಿ, ಆದರೆ ಯಾವ ಪೋರ್ಟ್? ಅಲ್ಲಿ ಅರ್ಥವನ್ನೇ ಕೇಳಬೇಕು. ಗಾಳಿಯನ್ನು ಯಾರೂ ಹೊರುತ್ತಿಲ್ಲ, ಅಂದರೆ ಇದು ಬೇರೆ ಪೋರ್ಟು.

ನಿಮ್ಮ ಕನ್ನಡ ಉಪಯೋಗಕ್ಕೆ ಬರುತ್ತದಾ ಅಂತ ಕೇಳಿದ್ದೀರಿ. ಇಂಗ್ಲಿಷ್ ಮೀಡಿಯಂ ಹುಡುಗನಿಗೆ ಇದನ್ನು ಅರ್ಥ ಮಾಡಿಸೋಕೆ ಕನ್ನಡಕ್ಕಿಂತ ಒಳ್ಳೆಯ ಸಾಮಾನು ನನಗೆ ಗೊತ್ತಿಲ್ಲ. ‘ಹಾರ’ ತೆಗೆದುಕೊಳ್ಳಿ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ, ವ್ಯವಹಾರ. ಇವೆಲ್ಲದರ ಒಳಗಿರುವುದು ‘ಹೃ’ ಅನ್ನುವ ಸಂಸ್ಕೃತ ಧಾತು. ಅದರ ಅರ್ಥ ಏನು ಗೊತ್ತಾ? ಒಯ್ಯು, ತರು. ಹೆಚ್ಚುಕಮ್ಮಿ ಪೋರ್ತಾರೆಯದೇ ಅರ್ಥ! ಒಳಗೆ ತಂದುಕೊಂಡರೆ ಆಹಾರ. ಅತ್ತಿತ್ತ ಹೋಗಿಬಂದರೆ ವಿಹಾರ. ಕಷ್ಟವನ್ನು ಆಚೆ ಒಯ್ದರೆ ಪರಿಹಾರ. ಇಂಗ್ಲಿಷಿನಲ್ಲಿ ಇಂ, ಎಕ್ಸ್, ಸಪ್, ಟ್ರಾನ್ಸ್ ಮಾಡುವ ಕೆಲಸವನ್ನು ಇಲ್ಲಿ ಆ, ವಿ, ಪ್ರ, ಸಂ, ಪರಿ ಮಾಡುತ್ತವೆ. ನಮ್ಮ ವ್ಯಾಕರಣದ ಮೇಷ್ಟ್ರು ಇದನ್ನೇ ಉಪಸರ್ಗ ಅನ್ನುತ್ತಿದ್ದರು. ಉಪಸರ್ಗ ಬಂದು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆ ಕಡೆ ಎಳೆದುಕೊಂಡು ಹೋಗುತ್ತದೆ ಅಂತ ಹಳೆಯ ಶ್ಲೋಕವೇ ಇದೆ. ಅದರ ಕೊನೆಯ ಸಾಲು ‘ಪ್ರಹಾರಾಹಾರಸಂಹಾರವಿಹಾರಪರಿಹಾರವತ್’. ಹುಡುಗನಿಂದ ಒಂದೇ ಉಸಿರಿನಲ್ಲಿ ಹೇಳಿಸಿ, ಮಜಾ ಬರುತ್ತದೆ.

ಇಲ್ಲಿ ಒಂದು ಸಣ್ಣ ತಕರಾರು ನನ್ನದು. ‘ಉಪಹಾರ ಗೃಹ’ ಅಂತ ಬೋರ್ಡು ಬರೆಸಿದ ಹೋಟೆಲುಗಳು ಕನ್ನಡದಲ್ಲೂ ಮರಾಠಿಯಲ್ಲೂ ಸಿಗುತ್ತವೆ. ಉಪಹಾರ ಅಂದರೆ ಕಾಣಿಕೆ, ಉಡುಗೊರೆ. ತಿಂಡಿಗೆ ಉಪಾಹಾರ, ಅಂದರೆ ಉಪ ಮತ್ತು ಆಹಾರ. ಒಂದು ದೀರ್ಘ ಬಿಟ್ಟುಹೋದರೆ ಇಡ್ಲಿ ವಡೆ ಉಡುಗೊರೆಯಾಗಿ ಸಿಗಬೇಕಾಗುತ್ತದೆ. ಬಿಲ್ಲು ಕೊಡುವಾಗ ಈ ವ್ಯಾಕರಣ ಹೇಳಿ ನೋಡಿ ಬೇಕಾದರೆ.

ಈಗ ಗೀಟು ಹಾಕುವ ಸರದಿ. ‘ಹಾರಾಟ’ದಲ್ಲೂ ಹಾರ ಇದೆ. ಇದು ಆ ಮನೆಯದಾ? ಅಲ್ಲ. ಹಾರು ಅಚ್ಚ ಕನ್ನಡ, ಹಳಗನ್ನಡದಲ್ಲಿ ‘ಪಾರು’ ಆಗಿತ್ತು. ಹಾಲು ‘ಪಾಲ್’ ಆಗಿದ್ದ ಹಾಗೆ, ಹೂವು ‘ಪೂ’ ಆಗಿದ್ದ ಹಾಗೆ. ಬಿಹಾರದಲ್ಲಿ ಹಾರ ಇದೆ. ಅದು ಆ ಮನೆಯದೇ, ಬೌದ್ಧರ ವಿಹಾರಗಳಿಂದ ಬಂದ ಹೆಸರು. ಇನ್ನೂ ಮಜಾ ಏನೆಂದರೆ, ಅಕ್ಷರವೇ ಇಲ್ಲದ ನೆಂಟರೂ ಇರುತ್ತಾರೆ. ದೀಪಾವಳಿಗೆ ಪಕ್ಕದ ಮನೆಯವರು ಚಕಲಿ, ಕರಂಜಿ, ಚಿವಡಾ ತುಂಬಿ ಕಳಿಸುವ ತಟ್ಟೆಗೆ ಮರಾಠಿಯಲ್ಲಿ ‘ಫರಾಳ’ ಅನ್ನುತ್ತಾರೆ. ನಿಮ್ಮ ಧಾರವಾಡ ಕಡೆ ‘ಫಳಾರ’. ಎರಡೂ ‘ಫಲಾಹಾರ’ವೇ. ಮರಾಠಿಯಲ್ಲಂತೂ ಹಾರ ಮುರಿದು, ರಕಾರ ಳಕಾರ ಜಾಗ ಬದಲಾಯಿಸಿ, ಗುರುತೇ ಸಿಗದ ಹಾಗಾಗಿದೆ. ಆದರೂ ಅದು ಆಹಾರದ ಮನೆಯ ಮಗುವೇ. ಹಾರಾಟದಲ್ಲಿ ಅಕ್ಷರ ಇದೆ, ಸಂಬಂಧ ಇಲ್ಲ. ಫರಾಳದಲ್ಲಿ ಅಕ್ಷರ ಕೆಟ್ಟಿದೆ, ಸಂಬಂಧ ಇದೆ. ಇದನ್ನು ಹುಡುಗನಿಗೆ ತಟ್ಟೆ ಮುಂದಿಟ್ಟುಕೊಂಡೇ ಹೇಳಬಹುದು.

ಪಕಾರ ಹಕಾರ ಆದದ್ದು ಹೇಳಿದೆನಲ್ಲ. ಇಂಗ್ಲಿಷಿನ ಕಡೆ ಅದೇ ಪಕಾರ ಫಕಾರ ಆಯಿತು. ಸಂಸ್ಕೃತದ ಪಿತೃ ಅಲ್ಲಿ ಫಾದರ್, ಪಾದ ಅಲ್ಲಿ ಫುಟ್, ಪೂರ್ಣ ಅಲ್ಲಿ ಫುಲ್. ಹೀಗೆ ಒಂದು ಪದ ಎರಡು ಪದ ಅಲ್ಲ, ಸಾಲು ಸಾಲಾಗಿ ಬದಲಾಗಿವೆ ಅಂತ 1822ರಲ್ಲಿ ನಿಯಮ ಮಾಡಿ ತೋರಿಸಿದವನು ಯಾಕೋಬ್ ಗ್ರಿಮ್, ಮಕ್ಕಳ ಕಥೆಗಳ ಗ್ರಿಮ್ ಸಹೋದರರಲ್ಲಿ ದೊಡ್ಡವನು. ಇದರಿಂದ ನಮ್ಮ ಪೋರ್ಟಿಗೆ ಒಂದು ಅನಿರೀಕ್ಷಿತ ನೆಂಟ ಸಿಗುತ್ತದೆ. ಮುಂಬೈಯ ಭಾವುಚಾ ಧಕ್ಕಾದಿಂದ ರೇವಸ್ ಕಡೆಗೆ ಜನರನ್ನು ದಾಟಿಸುವ ಫೆರಿ ದೋಣಿ ಇದೆಯಲ್ಲ, ಅದು. ದಾಟಿಸು, ಆಚೆಗೆ ಹೋಗು ಅನ್ನುವ ಅರ್ಥದ ತೀರಾ ಹಳೆಯ ಒಂದು ಮೂಲ, ಲ್ಯಾಟಿನ್‌ನಲ್ಲಿ ಪಕಾರ ಉಳಿಸಿಕೊಂಡು ಪೋರ್ತಾರೆ, ಪೋರ್ತುಸ್, ಪೋರ್ತಾ ಮೂರೂ ಆಯಿತು. ಇಂಗ್ಲಿಷಿನ ಪೂರ್ವಿಕರ ಬಾಯಲ್ಲಿ ಫಕಾರ ಹಿಡಿದು ಫೆರಿ ಆಯಿತು, ಪ್ರಯಾಣದ ‘ಫೇರ್’ ಆಯಿತು, ಹೊಳೆ ದಾಟುವ ‘ಫೋರ್ಡ್’ ಆಯಿತು. ಅಂದರೆ ಹೊರುವ ಪೋರ್ಟೂ ಬಂದರಿನ ಪೋರ್ಟೂ ಬಾಗಿಲಿನ ಪೋರ್ಟೂ ಸಾವಿರಾರು ವರ್ಷ ಹಿಂದಕ್ಕೆ ಹೋದರೆ ಒಂದೇ ಬೇರಿಗೆ ಸೇರುತ್ತವೆ. ನಾನು ಬೇರೆ ಮನೆ ಅಂದದ್ದು ಲ್ಯಾಟಿನ್‌ನಿಂದ ಈಚಿನ ಲೆಕ್ಕ. ಆರನೇ ಕ್ಲಾಸಿಗೆ ಅಷ್ಟು ಸಾಕು. ಹಾಗಂತ ಪೋರ್ಷನ್ನೂ ಪೋರ್ಟ್ರೇಟೂ ಆ ಬೇರಿಗೂ ಸೇರುವುದಿಲ್ಲ.

ಫೆರಿಯಲ್ಲಿ ಇನ್ನೊಂದು ಬಲೆ ಇದೆ. ಟ್ರಾನ್ಸ್‌ಫರ್, ರೆಫರ್, ಆಫರ್ ಪದಗಳಲ್ಲಿರುವ ಎಫ್-ಇ-ಆರ್ ಬಂದದ್ದು ‘ಫೆರ್ರೆ’ ಅನ್ನುವ ಬೇರೆ ಲ್ಯಾಟಿನ್ ಪದದಿಂದ. ಅದರ ಅರ್ಥವೂ ಹೊರು! ನಮ್ಮ ‘ಭಾರ’ದೊಳಗಿನ ಧಾತುವೇ ಅದು. ಫೆರಿಯಲ್ಲಿ ಅದೇ ಮೂರು ಅಕ್ಷರ ಇವೆ, ಅರ್ಥವೂ ಹೊತ್ತು ದಾಟಿಸುವುದೇ. ಆದರೂ ಅದು ಫೆರ್ರೆಯ ಮಗುವಲ್ಲ. ಅಕ್ಷರ ಕೂಡಿ ಅರ್ಥ ಕೂಡಿದರೂ ಒಮ್ಮೊಮ್ಮೆ ಸಂಬಂಧ ಕೂಡುವುದಿಲ್ಲ. ಇದು ಟೀಚರಿಗೂ ಕಷ್ಟದ ಪ್ರಶ್ನೆ, ಹುಡುಗನ ತಲೆಗೆ ಹಾಕಬೇಡಿ.

ಮುಂಬೈ ಹುಡುಗನಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಪಾವ್. ವಡಾಪಾವಿನ ಪಾವ್ ಒಂದು. ಪಾವ್ ಕಿಲೋ ಬೆಂಡೆಕಾಯಿಯ ಪಾವ್ ಇನ್ನೊಂದು. ಹಳಗನ್ನಡದ ‘ಪಾವು’, ಅಂದರೆ ಈಗಿನ ಹಾವು, ಮತ್ತೊಂದು. ಮೂರಕ್ಕೂ ಸಂಬಂಧ ಇಲ್ಲ. ತೂಕದ ಪಾವ್ ಸಂಸ್ಕೃತದ ‘ಪಾದ’, ಅಂದರೆ ಕಾಲುಭಾಗ. ನಮ್ಮ ಅಜ್ಜಿಯರು ಅಕ್ಕಿ ಅಳೆಯುತ್ತಿದ್ದ ಪಾವೂ ಅದೇ. ತಿನ್ನುವ ಪಾವ್ ಮಾತ್ರ ಪೋರ್ಚುಗೀಸರ ಬ್ರೆಡ್ಡು. ಮೊದಲು ಗೋವಾಕ್ಕೆ ಬಂತು. ಗೋವಾದಲ್ಲಿ ಬೆಳಿಗ್ಗೆ ಸೈಕಲ್ಲಿನ ಮೇಲೆ ದೊಡ್ಡ ಬುಟ್ಟಿ ಕಟ್ಟಿಕೊಂಡು, ಪೋಂ ಪೋಂ ಅಂತ ಹಾರ್ನ್ ಒತ್ತುತ್ತಾ ಬರುವ ‘ಪೋದೇರ್’ ಇದ್ದಾನಲ್ಲ, ಅವನ ಹೆಸರೂ ಪೋರ್ಚುಗೀಸಿನದೇ, ಬ್ರೆಡ್ ಮಾಡುವವನು ಅಂತ. ‘ಹಿಟ್ಟನ್ನು ಕಾಲಿನಿಂದ ತುಳಿಯುತ್ತಿದ್ದರು, ಅದಕ್ಕೇ ಪಾವ್’ ಅಂತ ಒಂದು ಕಥೆ ಎಲ್ಲಾ ಕಡೆ ಓಡಾಡುತ್ತದೆ. ‘ನಾಲ್ಕು ತುಂಡು ಮಾಡುತ್ತಿದ್ದರು, ಅದಕ್ಕೇ’ ಅಂತ ಇನ್ನೊಂದು. ಎರಡೂ ಅಕ್ಷರ ನೋಡಿ ಕಟ್ಟಿದ ಕಥೆಗಳು. ನಿಮ್ಮ ಮಗ ಪೋರ್ಟ್ರೇಟಿಗೆ ಮಾಡಿದ್ದನ್ನೇ ದೊಡ್ಡವರು ಪಾವಿಗೆ ಮಾಡಿದ್ದಾರೆ.

ಪೋರ್ಚುಗೀಸರ ಈ ಬ್ರೆಡ್ಡಿನ ಮೂಲ ಲ್ಯಾಟಿನ್ನಿನ ‘ಪಾನಿಸ್’. ಇಂಗ್ಲಿಷಿನಲ್ಲಿ ಪಿ-ಎ-ಎನ್ ಅನ್ನುವ ಮೂರು ಅಕ್ಷರ ಹುಡುಕಿ ಈಗ. ಕಂಪ್ಯಾನಿಯನ್, ಒಟ್ಟಿಗೆ ಬ್ರೆಡ್ ತಿನ್ನುವವನು. ಅದರಿಂದ ಕಂಪನಿ. ಪ್ಯಾಂಟ್ರಿ, ಬ್ರೆಡ್ ಇಡುವ ಕೋಣೆ. ಈ ಮೂರೂ ಪಾವಿನ ನೆಂಟರು. ರೈಲಿನ ಪ್ಯಾಂಟ್ರಿ ಕಾರಿನಲ್ಲಿ ನಿಜವಾಗಿಯೂ ಬ್ರೆಡ್ ಇರುತ್ತದೆ, ಆ ಮಟ್ಟಿಗೆ ಹೆಸರು ಸಾರ್ಥಕ. ಪ್ಯಾನಿಕ್ ಅಲ್ಲ, ಅದು ಗ್ರೀಕರ ಪ್ಯಾನ್ ಅನ್ನುವ ದೇವತೆಯಿಂದ ಬಂದ ಭಯ. ಪ್ಯಾಂಡೆಮಿಕ್ ಅಲ್ಲ, ಅಲ್ಲಿ ‘ಪ್ಯಾನ್’ ಅಂದರೆ ಗ್ರೀಕಿನಲ್ಲಿ ‘ಎಲ್ಲ’. ದೋಸೆ ಹುಯ್ಯುವ ಪ್ಯಾನ್ ಅಲ್ಲ. ಪ್ಯಾನ್ ಕಾರ್ಡ್ ಅಂತೂ ಯಾವ ಮನೆಯದೂ ಅಲ್ಲ, ಪರ್ಮನೆಂಟ್ ಅಕೌಂಟ್ ನಂಬರ್ ಅನ್ನುವ ಮೂರು ಪದಗಳ ಮೊದಲ ಅಕ್ಷರ.

ತಪ್ಪಾಗಿ ಒಡೆದರೆ ಯಾವಾಗಲೂ ನಷ್ಟ ಅಂತಲೂ ಇಲ್ಲ. ಹ್ಯಾಂಬರ್ಗರ್ ಬಂದದ್ದು ಜರ್ಮನಿಯ ಹ್ಯಾಂಬರ್ಗ್ ಊರಿನಿಂದ. ಒಡೆಯುವುದಾದರೆ ಹ್ಯಾಂಬರ್ಗ್ ಆದ ಮೇಲೆ. ಆದರೆ ಹ್ಯಾಮ್ ಅಂದರೆ ಹಂದಿಮಾಂಸ ಅಂತ ಗೊತ್ತಿದ್ದ ಜನ ಅಲ್ಲೇ ಕತ್ತರಿಸಿದರು. ಉಳಿದ ‘ಬರ್ಗರ್’ ಸ್ವತಂತ್ರವಾಯಿತು. ಚೀಸ್‌ಬರ್ಗರ್ ಹುಟ್ಟಿತು, ನಮ್ಮ ವೆಜ್ ಬರ್ಗರ್ ಹುಟ್ಟಿತು. ಜುಹುವಿನಲ್ಲಿ ಏರಿ ಇಳಿಯುವ ಹೆಲಿಕಾಪ್ಟರ್ ಇನ್ನೊಂದು. ಗ್ರೀಕಿನಲ್ಲಿ ‘ಹೆಲಿಕೊ’ ಅಂದರೆ ಸುರುಳಿ, ‘ಪ್ಟೆರ್’ ಅಂದರೆ ರೆಕ್ಕೆ. ಆ ರೆಕ್ಕೆಯೂ ಸಂಸ್ಕೃತದ ‘ಪತ್ರ’ವೂ ನೆಂಟರು, ಪತ್ರಕ್ಕೆ ಮೊದಲು ರೆಕ್ಕೆ ಅನ್ನುವ ಅರ್ಥವೂ ಇತ್ತು. ಪ್ಟೆರ್ ಅಂತ ಹೇಳೋಕೆ ಇಂಗ್ಲಿಷರ ನಾಲಿಗೆ ಹೊರಳಲಿಲ್ಲ, ‘ಹೆಲಿ’ ಅಂತ ಕತ್ತರಿಸಿದರು. ಹೆಲಿಪ್ಯಾಡ್ ಬಂತು, ಹೆಲಿಪೋರ್ಟ್ ಬಂತು. ಹುಡುಗ ಕೇಳಿದರೆ ಹೇಳಿ, ಹೆಲಿಪೋರ್ಟಿನ ಪೋರ್ಟ್ ಬಂದರಿನದು.

ಸದ್ದಿನ ಪದಗಳದ್ದು ಬೇರೆಯೇ ಜಾತಿ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಗ್ಲೋ, ಗ್ಲಿಟರ್, ಗ್ಲೀಮ್, ಗ್ಲೇರ್ ಎಲ್ಲವೂ ಹೊಳೆಯುತ್ತವೆ. ಸ್ನೋರ್, ಸ್ನಿಫ್, ಸ್ನಾರ್ಟ್, ಸ್ನೌಟ್ ಎಲ್ಲವೂ ಮೂಗಿನ ವ್ಯವಹಾರ. ಇವುಗಳಲ್ಲಿ ಪದ ಒಡೆದು ನೋಡಿದರೆ ಏನೂ ಸಿಗುವುದಿಲ್ಲ. ನಮ್ಮ ಥಳಥಳ, ಫಳಫಳ ಇದ್ದ ಹಾಗೆ ಸದ್ದೇ ಅರ್ಥದ ಸುಳಿವು ಕೊಡುತ್ತದೆ. ಲಾಹೋರಿನಲ್ಲಿ ಪಾಠ ಮಾಡಿದ್ದ ಇಂಗ್ಲಿಷ್ ಭಾಷಾವಿಜ್ಞಾನಿ ಫರ್ತ್ 1930ರಲ್ಲಿ ಇಂಥವಕ್ಕೆ ಒಂದು ಹೆಸರನ್ನೂ ಕೊಟ್ಟ. ಸೀನಿಗೆ ಇಂಗ್ಲಿಷಿನಲ್ಲಿ ಸ್ನೀಜ್ ಅನ್ನುತ್ತಾರಲ್ಲ, ಅದು ಹಳೆಯ ಕಾಲದಲ್ಲಿ ‘ಫ್ನೀಜ್’ ಥರ ಇತ್ತು. ಮೂಗಿನವರ ಗುಂಪಿಗೆ ಬಂದು ಸೇರಿದ ಮೇಲೆ ಅದೂ ‘ಸ್ನ್’ ಆಯಿತು! ಆದರೆ ಗ್ಲವ್ ಹೊಳೆಯುವುದಿಲ್ಲ, ಸ್ನೇಕಿಗೆ ಮೂಗಿನ ಹಂಗಿಲ್ಲ. ಆದ್ದರಿಂದ ಇದನ್ನು ನಿಯಮ ಅಂತ ಕಲಿಸಬಾರದು.

‘ಅಕ್ಷರ ನೋಡಿ ಅರ್ಥ ಹೇಳುವ ಟ್ರಿಕ್’ ಅಂತ ಮೊಬೈಲಿನಲ್ಲಿ ಬರುವ ವೀಡಿಯೊಗಳನ್ನು ನಾನು ನಂಬುವುದಿಲ್ಲ. ಅವರು ಹೊಂದುವ ಪದಗಳನ್ನಷ್ಟೇ ಆರಿಸಿ ತೋರಿಸುತ್ತಾರೆ. ಬೇರು ಕಲಿಸುವುದು ಒಳ್ಳೆಯದೇ. ಪೋರ್ಟ್ ಅಂದರೆ ಹೊರು ಅಂತ ಗೊತ್ತಿದ್ದರೆ ಹತ್ತಾರು ಪದ ಸುಲಭವಾಗಿ ಬಾಯಿಗೆ ಬರುತ್ತವೆ. ಆದರೆ ಬೇರಿನಿಂದ ಪದಕ್ಕೆ ಬರಬೇಕು. ಅಕ್ಷರದಿಂದ ಬೇರಿಗೆ ಹೋಗಬಾರದು. ಹೋಮ್‌ವರ್ಕಿನಲ್ಲಿ ಎಡವಟ್ಟಾದದ್ದು ಅಲ್ಲಿ. ‘ಹೊರು ಅರ್ಥದ ಪದಗಳನ್ನು ಬರೆಯಿರಿ’ ಅಂದಿದ್ದರೆ ಸಾಕಿತ್ತು. ‘ಈ ನಾಲ್ಕು ಅಕ್ಷರ ಇರುವ’ ಅಂದ ಕೂಡಲೇ ಮಗು ಅಕ್ಷರ ಹುಡುಕೋಕೆ ಹೋಯಿತು. ಹೋಗದೆ ಏನು ಮಾಡುತ್ತದೆ?

ಮನೆಯಲ್ಲಿ ಮಾಡಬೇಕಾದ್ದು ಇಷ್ಟೇ. ಪದದ ಮೂಲ ಕೊಡುವ ಇಂಗ್ಲಿಷ್ ನಿಘಂಟು ಒಂದು ಇರಲಿ. ಮಕ್ಕಳ ಪಾಕೆಟ್ ಡಿಕ್ಷನರಿಯಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ, ಕೊಳ್ಳುವ ಮುಂಚೆ ಒಂದು ಪದ ತೆಗೆದು ನೋಡಿ. ಅರ್ಥಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ಯಾವ ಭಾಷೆಯಿಂದ, ಯಾವ ತುಂಡುಗಳಿಂದ ಬಂತು ಅಂತ. ಹುಡುಗ ಮೊದಲು ತಾನೇ ಒಡೆದು ಒಂದು ಹಾಳೆಯಲ್ಲಿ ಬರೆಯಲಿ, ಆಮೇಲೆ ಆ ಸಾಲು ಓದಲಿ. ಕನ್ನಡಕ್ಕೆ ಕಿಟ್ಟೆಲ್ ನಿಘಂಟು ಇದೆ. 1894ರದ್ದು, ಆದರೂ ಈ ಕೆಲಸಕ್ಕೆ ಈಗಲೂ ಗಟ್ಟಿ. ಹಾರವನ್ನೂ ಹಾರುವನ್ನೂ ಅದರಲ್ಲಿ ಬೇರೆ ಬೇರೆ ಕಡೆ ನೋಡಿ, ಹಾರುವಿನ ಪಕ್ಕದಲ್ಲೇ ಪಾರು ಸಿಗುತ್ತದೆ.

ಶುರು ಮಾಡೋಕೆ ಎಂ-ಎ-ಎನ್ ಒಳ್ಳೆಯದು. ಮ್ಯಾನೇಜರ್, ಮ್ಯಾನ್ಯೂರ್, ಮ್ಯಾಂಗೊ, ಮ್ಯಾಂಡರಿನ್, ಹ್ಯೂಮನ್, ವುಮನ್ ಈ ಆರನ್ನು ಕೊಡಿ. ಇವುಗಳಲ್ಲಿ ಮನುಷ್ಯನ ‘ಮ್ಯಾನ್’ ನಿಜವಾಗಿ ಇರುವುದು ವುಮನ್ ಒಂದರಲ್ಲೇ. ಹ್ಯೂಮನ್ನಿನಲ್ಲಿ ಇಲ್ಲ, ಅದು ಲ್ಯಾಟಿನ್ ಕಡೆಯಿಂದ ಬೇರೆ ದಾರಿಯಲ್ಲಿ ಬಂದದ್ದು. ಮ್ಯಾಂಗೊ ಮಲಯಾಳದ ಮಾಂಗ, ಪೋರ್ಚುಗೀಸರ ಬಾಯಿ ಹಾದು ಹೋಯಿತು. ಮ್ಯಾಂಡರಿನ್ ಕೂಡ ಪೋರ್ಚುಗೀಸರ ಕೈಯಿಂದಲೇ ಇಂಗ್ಲಿಷಿಗೆ ದಾಟಿದ್ದು. ಅದಕ್ಕೂ ಮುಂಚೆ ಮಲಯ್ ಭಾಷೆಯಲ್ಲಿತ್ತು, ಅದಕ್ಕೂ ಮುಂಚೆ ಸಂಸ್ಕೃತದ ‘ಮಂತ್ರಿ’! ಮ್ಯಾನೇಜರ್ ಮತ್ತು ಮ್ಯಾನ್ಯೂರ್, ಅಂದರೆ ಗಲ್ಲಾದ ಮೇಲೆ ಕೂರುವ ಯಜಮಾನರೂ ಹೊಲಕ್ಕೆ ಹಾಕುವ ಗೊಬ್ಬರವೂ, ಇವೆರಡು ಒಂದೇ ಬೇರಿನವು. ಯಾವ ಬೇರು ಅಂತ ನಾನು ಹೇಳುವುದಿಲ್ಲ, ಹುಡುಗನೇ ನಿಘಂಟು ತೆಗೆದು ಹುಡುಕಲಿ. ಸುಳಿವು ಬೇಕಾದರೆ ಅವನ ಕೈ ತೋರಿಸಿ.